ಮೈಮೂನಮ್ಮನ ಬಾವಿ ತುಂಬಿದ ವರ್ಷ

ಹೊಳೆ ಉಳಿಸುವ ಹುಚ್ಚು ನಮ್ಮವರಿಗೆ ಹಿಡಿದದ್ದು ನಿವೃತ್ತಿಯಾದ ಮರುವರ್ಷ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಜೀವಮಾನವಿಡೀ ಸಸ್ಯಶಾಸ್ತ್ರ ಪಾಠ ಮಾಡಿದ ಮನುಷ್ಯ ಮನೆಯಲ್ಲಿ ಸುಮ್ಮನೆ ಕೂರಲಾಗದೆ, ನನ್ನ ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರು ಬರೆದು ಚೀಟಿ ಅಂಟಿಸಲು ಶುರುಮಾಡಿದ್ದರು. ಇವರಿಗೆ ಊರಿನ ಕೆಲಸ ಏನಾದರೂ ಸಿಗಲಪ್ಪ ಎಂದು ನಾನೇ ದೇವರಲ್ಲಿ ಬೇಡಿಕೊಂಡಿದ್ದೆ. ದೇವರು ಇಡೀ ಹೊಳೆಯನ್ನೇ ಕೊಟ್ಟುಬಿಟ್ಟ.

ನಮ್ಮ ಕಂಚಿಬೈಲಿನ ಹೊಳೆ ದೊಡ್ಡದೇನಲ್ಲ. ಮಳೆಗಾಲದಲ್ಲಿ ಸೇತುವೆಯ ಕಾಲು ಮುಳುಗಿಸುತ್ತದೆ, ಶಿವರಾತ್ರಿಯ ಹೊತ್ತಿಗೆ ಎಲ್ಲಿ ಹೋಯಿತೆಂದು ಹುಡುಕಬೇಕು. ಮೊದಲು ಹೀಗಿರಲಿಲ್ಲ. ಮಳೆ ಪೂರ್ತಿ ನಿಂತು ಹರಿವು ಇಳಿದ ಮೇಲೆ ಊರವರೆಲ್ಲ ಸೇರಿ ಹೊಳೆಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಒಂದು ಕಟ್ಟ ಕಟ್ಟುತ್ತಿದ್ದರು. ನೀರು ನಿಲ್ಲುತ್ತಿತ್ತು, ಆಚೀಚಿನ ಬಾವಿಗಳು ಬೇಸಿಗೆ ದಾಟುತ್ತಿದ್ದವು. ಮುಂದಿನ ಮಳೆಗೆ ಕಟ್ಟ ಕೊಚ್ಚಿಕೊಂಡು ಹೋಗುತ್ತಿತ್ತು, ಮತ್ತೆ ಕಟ್ಟುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ಇದೆಲ್ಲ ಯಾರಿಗೂ ಬೇಡವಾಯಿತು. ಕೊಳವೆಬಾವಿಗಳು ಒಂದೊಂದಾಗಿ ಕೈಕೊಟ್ಟ ಮೇಲೆ ಎಲ್ಲರಿಗೂ ಕಟ್ಟದ ನೆನಪು ಉಕ್ಕಿ ಬಂತು.

ಹಾಗೆ ಸಮಿತಿ ಹುಟ್ಟಿತು. ನಮ್ಮವರು, ಅಂದರೆ ನಾರಾಯಣಮೂರ್ತಿಯವರು, ಅಧ್ಯಕ್ಷರು. ಸೇತುವೆಯ ಬಳಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಹಸೈನಾರ್ ಕಾರ್ಯದರ್ಶಿ. ವಾಟ್ಸಾಪ್ ಗುಂಪಿನಲ್ಲಿ ದಿನವೂ ಒಂದು ಜಲಜಾಗೃತಿಯ ಸಂದೇಶ, ಅದಕ್ಕೆ ಊರೆಲ್ಲ ಕೈಮುಗಿದ ಚಿತ್ರ. ಫ್ಲೆಕ್ಸ್ ಕೂಡ ಬಂತು. ಅದರಲ್ಲಿ ನಮ್ಮವರ ಫೋಟೋ ಹೊಳೆಗಿಂತ ದೊಡ್ಡದಾಗಿತ್ತು. ನಾನು ಹಾಗೆಂದದ್ದಕ್ಕೆ ಎರಡು ದಿನ ಮಾತು ಬಿಟ್ಟರು.

ಹಳಬರು ಕಟ್ಟ ಕಟ್ಟುತ್ತಿದ್ದ ಜಾಗದಲ್ಲೇ ಕಟ್ಟಬೇಕೆಂದು ತೀರ್ಮಾನವಾಯಿತು. ಅದನ್ನು ಯಾರೂ ಚರ್ಚೆಗೂ ಎತ್ತಲಿಲ್ಲ. ಹಿರಿಯರು ನೋಡಿ ಆರಿಸಿದ ಜಾಗ, ಎರಡೂ ಕಡೆ ಬಂಡೆಯ ಆಸರೆ ಉಂಟು, ಮತ್ತೇನು ಬೇಕು? ಆದರೆ ಅಲ್ಲಿಗೆ ಟೆಂಪೋ ಹೋಗಬೇಕಿದ್ದರೆ ಮೈಮೂನಮ್ಮನ ಹಿತ್ತಲನ್ನು ದಾಟಬೇಕು.

ಮೈಮೂನಮ್ಮ ಹಸೈನಾರರ ಅಕ್ಕ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮಗ ಹಿಶಾಮ್ ಸೌದಿಯ ದಮಾಮಿನಲ್ಲಿ, ಮಗಳು ಜಸ್ನಾಳನ್ನು ಮಾಣಿ ಊರಿನ ಕಡೆ ಕೊಟ್ಟಿದ್ದಾರೆ. ಹೊಳೆಯ ದಂಡೆಯಲ್ಲೇ ಅವರ ಮನೆ, ಮನೆಯ ಹಿಂದೆ ಕೆಂಪುಕಲ್ಲಿನ ಬಾವಿ. ನಮ್ಮ ಮನೆ ಗುಡ್ಡದ ಬದಿಗೆ ಮೇಲೆ. ಊರಿನ ಶಾಲೆಯಲ್ಲಿ ಕನ್ನಡ ಟೀಚರಾದ ನಾನು ಹೋಗುವಾಗ ಬರುವಾಗ ಅವರ ಗೇಟಿನಲ್ಲಿ ನಿಂತು ಎರಡು ಮಾತು ಆಡದೆ ಮುಂದೆ ಹೋದದ್ದಿಲ್ಲ.

ದಾರಿ ಕೇಳಲು ನಾನೂ ಇವರೂ ಒಟ್ಟಿಗೆ ಹೋದೆವು. ಮೈಮೂನಮ್ಮ ಚಾ ಕೊಟ್ಟು, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತರು.

"ದಾರಿ ಬಿಡ್ಲಿಕ್ಕೆ ಎಂತ ಸರ್, ಬಿಡ್ತೇನೆ. ಒಂದು ಕೇಳ್ತೇನೆ. ಕಟ್ಟ ಕಟ್ಟಿದ್ರೆ ನನ್ನ ಬಾವಿಯಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ನೀರು ನಿಲ್ತದಾ?"

"ನಿಲ್ಲದೆ ಎಲ್ಲಿ ಹೋಗ್ತದೆ ಮೈಮೂನಮ್ಮ? ಕೆಂಪುಕಲ್ಲು ಅಂದ್ರೆ ನೀರು ಎಳೆಯುವ ಕಲ್ಲು. ನಿಮ್ಮ ಬಾವಿ ಊರಿಗೇ ಮೊದಲು ತುಂಬ್ತದೆ, ನೋಡಿ ಬೇಕಾದ್ರೆ" ಎಂದರು ಇವರು.

ಮೈಮೂನಮ್ಮ ನನ್ನ ಕಡೆ ತಿರುಗಿದರು. "ಜಸ್ನಾಳಿಗೆ ಐದು ತಿಂಗಳು, ಟೀಚರ್. ಚೊಚ್ಚಲು. ಇಲ್ಲಿಗೇ ಕರ್ಕೊಂಡು ಬರ್ಬೇಕು. ಅವಳ ಅತ್ತೆ ಸೈನಬ ಈಗಲೇ ಹೇಳ್ತಾರೆ, ನಿಮ್ಮಲ್ಲಿ ಬೇಸಿಗೆಯಲ್ಲಿ ನೀರಿಲ್ವಂತೆ, ಹೆರಿಗೆ ಬಾಣಂತನ ಎಲ್ಲ ಇಲ್ಲೇ ಆಗ್ಲಿ, ಬೋರ್‌ವೆಲ್ ಉಂಟು, ಅಂತ. ಒಬ್ಬಳೇ ಮಗಳು. ನಾನು ಎಂತ ಹೇಳುದು?"

ಇದರ ಭಾರ ನನಗೆ ಗೊತ್ತಿತ್ತು. ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ ಆಗಬೇಕು ಎನ್ನುವುದು ನಮ್ಮಲ್ಲೂ ಉಂಟು, ಅವರಲ್ಲೂ ಉಂಟು. ಹೆರಿಗೆ ಈಗ ಆಸ್ಪತ್ರೆಯಲ್ಲೇ ಆಗುತ್ತದೆ, ಆ ಮಾತು ಬೇರೆ. ನಿಜವಾದ ತಾಯಿಮನೆ ಆಮೇಲೆ ಶುರುವಾಗುವುದು. ನಲವತ್ತು ದಿನ ಬೆಳಿಗ್ಗೆ ಎದ್ದು ಹಂಡೆಗೆ ಉರಿಹಾಕಿ, ಸೊಪ್ಪುಗಳನ್ನೆಲ್ಲ ಕುದಿಸಿ, ಮಗಳ ಮೈಗೆ ಎಣ್ಣೆ ತಿಕ್ಕಿ, ಸೊಂಟಕ್ಕೆ ಬೆನ್ನಿಗೆ ಬಿಸಿನೀರು ಹೊಯ್ಯುವುದು. ಅದಕ್ಕೆ ಕೊಡ ಎರಡು ಕೊಡದ ಲೆಕ್ಕವಿಲ್ಲ, ಬಾವಿಯೇ ಬೇಕು. ಮೈಮೂನಮ್ಮನ ಬಾವಿ ಮೂರು ಬೇಸಿಗೆಯಿಂದ ಮಾರ್ಚಿನಲ್ಲೇ ಒಣಗಿ ತಳದ ಕಲ್ಲು ಕಾಣುತ್ತಿತ್ತು.

"ಕರ್ಕೊಂಡು ಬನ್ನಿ. ನೀರಿನ ಜವಾಬ್ದಾರಿ ನಮ್ದು" ಎಂದು ನಮ್ಮವರು ಅಧ್ಯಕ್ಷರ ಗತ್ತಿನಲ್ಲಿ ಹೇಳಿದರು.

ಕಟ್ಟ ಕಟ್ಟಿದ ದಿನ ಮಾತ್ರ ನಿಜಕ್ಕೂ ಚೆಂದದ ದಿನ. ಎಷ್ಟು ತಮಾಷೆ ಮಾಡಿದರೂ ಅದನ್ನು ನಾನು ಅಲ್ಲವೆನ್ನುವುದಿಲ್ಲ. ಹಸೈನಾರ್ ಅಂಗಡಿಯಿಂದ ಖಾಲಿ ಸಿಮೆಂಟ್ ಚೀಲ ತಂದರು, ನನ್ನ ಶಾಲೆಯ ಮಕ್ಕಳು ಮರಳು ತುಂಬಿದರು, ಕಟ್ಟದ ಕೆಳಗೆ ತೋಟವಿರುವ ಜತ್ತಪ್ಪಣ್ಣ ತಮ್ಮ ಅಡಿಕೆಮರ ಕಡಿದು ಗೂಟ ಮಾಡಿಕೊಟ್ಟರು. ಮಸೀದಿಯ ಉಸ್ತಾದರು ಬಂದು ದುಆ ಮಾಡಿದರು, ನಮ್ಮವರು ತೆಂಗಿನಕಾಯಿ ಒಡೆದರು. ಮೇಲಿನ ಪೇಟೆಯಿಂದ ಒಬ್ಬ ಪಂಚಾಯತ್ ಸದಸ್ಯರು ಬಂದು, ನಿಮ್ಮ ಕೆಲಸ ಇಡೀ ತಾಲೂಕಿಗೆ ಮಾದರಿ ಎಂದು ಭಾಷಣ ಮಾಡಿ, ಮೈಮೂನಮ್ಮ ಮಾಡಿದ ತುಪ್ಪದನ್ನ ಉಂಡು ಹೋದರು. ಸಂಜೆಗೆ ನೀರು ಮೊಣಕಾಲಿಗೆ ಬಂತು. ನಮ್ಮವರು ಪಂಚೆ ಎತ್ತಿ ಕಟ್ಟಿ ಇಳಿದು, ಎರಡೂ ಕೈಯಲ್ಲಿ ಬೊಗಸೆ ಮಾಡಿ ನೀರು ಎತ್ತಿ ಎಲ್ಲರೆದುರು ಕುಡಿದರು. ಹರಿಯುವ ನೀರಿಗಿಂತ ಶುದ್ಧ ಬೇರೇನುಂಟು ಎಂದು ಆಗ ನಾನೂ ನಂಬಿದ್ದೆ. ಪೇಪರಿನಲ್ಲಿ ಫೋಟೋ ಬಂತು.

ಜನವರಿ ಮುಗಿಯುವ ಮೊದಲೇ ಬಾವಿಗಳು ಏರಿದವು. ಮೈಮೂನಮ್ಮನ ಬಾವಿ ಊರಿಗೇ ಮೊದಲು ತುಂಬಿತು, ನಮ್ಮವರು ಹೇಳಿದ ಹಾಗೆಯೇ. ಗೇಟಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಹಗ್ಗ ಅರ್ಧವೂ ಬೇಡ, ಕೊಡಪಾನ ಮುಳುಗುತ್ತಿತ್ತು. ಕೆಳಗಿನ ಊರಿನವರು ಬಂದು ನೋಡಿ ಹೋಗಿ ತಾವೂ ಒಂದು ಕಟ್ಟ ಕಟ್ಟಿದರು. ನಮ್ಮವರ ಹಳೆಯ ವಿದ್ಯಾರ್ಥಿ ಶಶಿಕಿರಣ ಅಲ್ಲಿಯ ಸಮಿತಿಗೆ ಮುಖ್ಯಸ್ಥ. ನಮ್ಮ ತೋಟಗಳಿಗೆ ದಿನಬಿಟ್ಟು ದಿನ ನೀರು ಸಿಗತೊಡಗಿತು. ನಮ್ಮವರು ಊಟಕ್ಕೆ ಕೂತಾಗಲೂ ಹೊಳೆಯದ್ದೇ ಮಾತು.

ಏಳನೆಯ ತಿಂಗಳಲ್ಲಿ ಶಾಸ್ತ್ರದಂತೆ ಜಸ್ನಾಳನ್ನು ಮಾಣಿಯಿಂದ ಕರೆದುಕೊಂಡು ಬಂದರು. ಸೈನಬ ತಾವೇ ಬಂದು ಬಾವಿಗೆ ಬಗ್ಗಿ ನೋಡಿ, ಇನ್ನೇನು ಹೇಳಲು ಸಿಗದೆ, ಮಗಳನ್ನು ಬಿಸಿಲಿಗೆ ಬಿಡಬೇಡಿ ಎಂದಷ್ಟೇ ಹೇಳಿ ಹೋದರಂತೆ. ಅದನ್ನು ಹೇಳುವಾಗ ಮೈಮೂನಮ್ಮನ ಮುಖ ನೋಡಬೇಕಿತ್ತು. ಹಿತ್ತಲಿನಲ್ಲಿ ಮೂರು ಕಲ್ಲಿನ ಹೊಸ ಒಲೆ ಹೂಡಿಸಿದರು, ಹಂಡೆಗೆ ಕಲಾಯಿ ಹಾಕಿಸಿದರು. ಸೊಪ್ಪಿಗೆ ಯಾರ ಯಾರ ಹಿತ್ತಲಿನಲ್ಲಿ ಏನೇನಿದೆ ಎಂದು ಈಗಲೇ ನೋಡಿಟ್ಟರು.

ವಾಸನೆ ಬಂದದ್ದು ಫೆಬ್ರವರಿ ಅರ್ಧ ಕಳೆದ ಮೇಲೆ. ಮೊದಮೊದಲು ಎಲ್ಲೋ ನಾಯಿ ಸತ್ತಿರಬೇಕೆಂದು ಹುಡುಕಿದರು. ಆಮೇಲೆ ಕಟ್ಟದ ನೀರು ಹಸಿರಾಯಿತು, ಹಸಿರಿನ ಮೇಲೆ ಕಪ್ಪು ಕೆನೆ ಕಟ್ಟಿತು. ಸಣ್ಣ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ದಂಡೆಗೆ ಬಂದವು. ಒಂದು ದಿನ ಮೈಮೂನಮ್ಮ ಗೇಟಿನಲ್ಲಿ ಒಂದು ಲೋಟ ನೀರು ಹಿಡಿದು ನಿಂತಿದ್ದರು.

"ಟೀಚರ್, ಇದನ್ನು ಸ್ವಲ್ಪ ಮೂಸಿ ನೋಡಿ. ನನಗೆ ಮಾತ್ರ ಹಾಗೆ ಕಾಣುದಾ ಅಂತ."

ಅವರಿಗೆ ಮಾತ್ರ ಅಲ್ಲ. ಬಾವಿಯ ನೀರಿಗೆ ಬಚ್ಚಲಿನ ವಾಸನೆ ಇತ್ತು.

ನಮ್ಮವರೂ ಹಸೈನಾರರೂ ಹೊಳೆಗುಂಟ ಮೇಲೆ ನಡೆದು ನೋಡಿದರು. ನಾನೂ ಹೋದೆ. ಒಂದು ಮೈಲು ಮೇಲೆ ಹೋದರೆ ಹೊಳೆಯೇ ಇಲ್ಲ. ಬರೀ ಕಲ್ಲು, ಒಣಗಿದ ಮರಳು. ಮೇಲಿನ ಪೇಟೆಯ ಹಿಂಬದಿಯಿಂದ ಒಂದು ಮೋರಿ ಬಂದು ಆ ಕಲ್ಲುಗಳ ನಡುವೆ ಇಳಿಯುತ್ತಿತ್ತು. ಹೋಟೆಲು, ಮದುವೆ ಹಾಲ್, ಹೊಸ ಫ್ಲ್ಯಾಟು, ಎಲ್ಲದರ ನೀರೂ ಅದರಲ್ಲೇ. ಮಳೆಗಾಲದಲ್ಲಿ ಹೊಳೆಯ ರಭಸದಲ್ಲಿ ಅದು ಲೆಕ್ಕಕ್ಕಿಲ್ಲ. ಹಿಂದಿನ ಬೇಸಿಗೆಗಳಲ್ಲಿ ಮರಳಿನಲ್ಲಿ ಅಲ್ಲಲ್ಲೇ ಇಂಗಿ ಹೋಗುತ್ತಿತ್ತು. ಈಗ ಕಟ್ಟದ ನೀರು ಮೋರಿಯ ಬಾಯಿಯ ಕೆಳಗಿನವರೆಗೂ ನಿಂತು ಅದನ್ನು ಕೈಚಾಚಿ ಕರೆದುಕೊಂಡಿತ್ತು. ಹೊಳೆ ನಿಂತು ತಿಂಗಳಾಗಿತ್ತು. ನಮ್ಮ ಕಟ್ಟಕ್ಕೆ ಬರುತ್ತಿದ್ದದ್ದು ಮೋರಿ ಮಾತ್ರ. ಹಿರಿಯರು ಜಾಗ ಆರಿಸುವಾಗ ಮೇಲೆ ಪೇಟೆಯೇ ಇರಲಿಲ್ಲ ಎಂಬುದು ನಮ್ಮಲ್ಲಿ ಒಬ್ಬರ ತಲೆಗೂ ಹೋಗಿರಲಿಲ್ಲ. ಸಸ್ಯಶಾಸ್ತ್ರ ಓದಿದವರ ತಲೆಗೂ ಹೋಗಿರಲಿಲ್ಲ, ಕನ್ನಡ ಓದಿದವಳ ತಲೆಗೂ ಹೋಗಿರಲಿಲ್ಲ.

ನಮ್ಮವರು ಆ ಮೋರಿಯ ಬಾಯಿಯ ಬಳಿ ಬಹಳ ಹೊತ್ತು ನಿಂತಿದ್ದರು. "ನಾನು ಇದನ್ನು ಕುಡಿದೆನಾ ಅನ್ನಪೂರ್ಣಾ?" ಎಂದು ಕೇಳಿದರು. ಆಗ ನೀರು ಹರೀತಿತ್ತು ಬಿಡಿ ಎಂದೆ. ತಮಾಷೆ ಮಾಡುವ ಮನಸ್ಸಾಗಲಿಲ್ಲ.

ಸುಮ್ಮನೆ ಕೂತೆವೆಂದಲ್ಲ. ಜನರನ್ನು ಸೇರಿಸಿಕೊಂಡು ಜೀಪು, ರಿಕ್ಷಾ ಮಾಡಿ ಮೇಲಿನ ಪೇಟೆಗೆ ಹೋದೆವು. ಬೋರ್ಡು ಹಿಡಿದು ಬಸ್‌ಸ್ಟ್ಯಾಂಡಿನಿಂದ ಮೋರಿಯವರೆಗೆ ನಡೆದೆವು. ಜಗಳವಾದೀತೆಂದು ಹೆದರಿಕೊಂಡು ಹೋದರೆ ಅಲ್ಲಿಯವರು ನಮಗೆ ಲಿಂಬೆ ಶರಬತ್ತು ಕೊಟ್ಟರು. ಹೋಟೆಲಿನವರು, ನೀವು ಹೇಳುದು ಸರಿಯೇ, ಆದ್ರೆ ನಮ್ಮದಕ್ಕೆ ಹೊಂಡ ಉಂಟು ಎಂದರು. ಮದುವೆ ಹಾಲ್‌ನವರು ಫ್ಲ್ಯಾಟಿನ ಕಡೆ ತೋರಿಸಿದರು. ಫ್ಲ್ಯಾಟಿನವರು, ನಾವು ಬಾಡಿಗೆಗೆ ಇರುದು ಎಂದರು. ಕಟ್ಟದ ದಿನ ತುಪ್ಪದನ್ನ ಉಂಡ ಸದಸ್ಯರು ನಮ್ಮ ಜೊತೆಯೇ ಬೋರ್ಡು ಹಿಡಿದು ನಡೆದರು. ಯಾರ ಮೇಲೆ ಸಿಟ್ಟು ಮಾಡುವುದು ಮಾರಾಯ್ರೆ? ನನಗಂತೂ ಅವತ್ತು ಯಾರಾದರೂ ಒಬ್ಬರು ನಮ್ಮನ್ನು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮನವಿ ಕೊಟ್ಟ ಕಚೇರಿಗಳಲ್ಲೂ ಹಾಗೆಯೇ. ಚರಂಡಿ ಯೋಜನೆ ಬರಲಿಕ್ಕುಂಟು ಎಂದರು. ಯಾವಾಗ ಎಂದರೆ, ಮಂಜೂರಾದ ಮೇಲೆ. ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದೆವು. ಕುಡಿಯಲಿಕ್ಕೂ ಆಗದು, ಮೀಯಲಿಕ್ಕೂ ಆಗದು ಎಂದು ಬಂತು.

ಗುಡ್ಡದ ಮೇಲಿನ ನಮ್ಮ ಬಾವಿ ಕೆಟ್ಟಿರಲಿಲ್ಲ, ಅದರಿಂದ ಪೈಪು ಎಳೆದುಕೊಟ್ಟೆವು. ಮೈಮೂನಮ್ಮ ಬೇಡವೆನ್ನಲಿಲ್ಲ. ಆದರೆ ಪೈಪಿನಲ್ಲಿ ನೀರು ಕೊಡಬಹುದು, ಗಾಳಿ ಕೊಡಲಿಕ್ಕಾಗುತ್ತದಾ? ಮನೆಯ ಹಿಂಬಾಗಿಲು ತೆಗೆದರೆ ಹತ್ತು ಹೆಜ್ಜೆಗೆ ಆ ಕಪ್ಪು ನೀರು. ಸಂಜೆಯಾದರೆ ಸೊಳ್ಳೆ ಹೊಗೆಯ ಹಾಗೆ ಏಳುತ್ತಿತ್ತು. ಜಸ್ನಾ ತಿಂದದ್ದನ್ನೆಲ್ಲ ಕಾರುತ್ತಿದ್ದಳು. ಒಂಬತ್ತು ತಿಂಗಳ ಬಸುರಿ, ಮೂಗಿಗೆ ಶಾಲು ಒತ್ತಿಕೊಂಡು ಮಲಗಿರುತ್ತಿದ್ದಳು. ತಾಯಿಯೆದುರು ಮಾತ್ರ, ನನಗೇನೂ ವಾಸನೆ ಬರುದಿಲ್ಲ ಎನ್ನುತ್ತಿದ್ದಳು.

ಕಟ್ಟ ಒಡೆಯುವ ಎಂದು ನಮ್ಮವರು ಸಭೆ ಕರೆದರು. ನಮ್ಮ ಜಗಲಿಯಲ್ಲೇ ಸಭೆ. ಮೈಮೂನಮ್ಮ ಬಂದಿರಲಿಲ್ಲ.

ಜತ್ತಪ್ಪಣ್ಣ ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಬೇಕು. ಅವರು ಕಣ್ಣು ಕೆಳಗೆ ಹಾಕಿಕೊಂಡೇ ಮಾತಾಡಿದರು. "ಒಡೆದ್ರೆ ತೋಟ ಹೋಗ್ತದೆ ಸರ್. ಅಡಿಕೆಗೆ ಈ ನೀರು ಆಗ್ತದೆ. ಈ ವರ್ಷ ಮರಕ್ಕೆ ಹಿಂಗಾರದ ಹೂ ಬಂದ ಹಾಗೆ ಯಾವತ್ತೂ ಬರ್ಲಿಲ್ಲ. ಏಪ್ರಿಲ್, ಮೇ ಎರಡು ತಿಂಗಳು ಹೇಗಾದ್ರೂ ತಳ್ಳಿದ್ರೆ ಮಳೆ ಬರ್ತದೆ. ಮಳೆಗೆ ಎಲ್ಲ ತೊಳೆದು ಹೋಗ್ತದೆ."

"ಅಲ್ಲಿ ಒಬ್ಬಳು ಬಸುರಿ ಇದ್ದಾಳೆ ಜತ್ತಪ್ಪಣ್ಣ" ಎಂದೆ ನಾನು.

"ಗೊತ್ತುಂಟು ಟೀಚರ್. ನನಗೂ ಮಗಳಿದ್ದಾಳೆ. ತೋಟವೂ ಉಂಟು. ಎಂತ ಮಾಡುದು ಹೇಳಿ."

ಉಳಿದವರು ಹಸೈನಾರರ ಮುಖ ನೋಡಿದರು. ಅವರದ್ದೂ ತೋಟ ಕಟ್ಟದ ಕೆಳಗೇ. ಮೈಮೂನಮ್ಮ ಅವರ ಅಕ್ಕ. ಹಸೈನಾರ್ ಟೋಪಿ ತೆಗೆದು ತಲೆ ಒರೆಸಿಕೊಂಡು ಮತ್ತೆ ಇಟ್ಟರು. "ಸಮಿತಿ ಹೇಳಿದ ಹಾಗೆ" ಎಂದರು. ನಮ್ಮ ತೋಟವೂ ಅದೇ ನೀರಿನಲ್ಲಿ ಹಸಿರಾಗಿತ್ತು, ಅದನ್ನು ನಾನು ಮರೆತು ಮಾತಾಡುತ್ತಿರಲಿಲ್ಲ. ಆದರೂ ನಮ್ಮವರು ಕೊನೆಗೆ, ಅಧ್ಯಕ್ಷನಾಗಿ ಕಟ್ಟ ಒಡೆಯುವ ನಿರ್ಧಾರ ನನ್ನದು, ತಪ್ಪಾದರೆ ನನ್ನನ್ನು ಬೈಯಿರಿ ಎಂದರು. ಯಾರೂ ಎದುರಾಡಲಿಲ್ಲ. ಎದ್ದು ಹೋಗುವಾಗ ಯಾರೂ ಚಾ ಕುಡಿಯಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಇವರು ಹಾರೆ ಹಿಡಿದು ಹೊರಟಿದ್ದಾಗ ಶಶಿಕಿರಣನ ಫೋನು ಬಂತು. ಸುದ್ದಿ ಅಷ್ಟರಲ್ಲಿ ಕೆಳಗಿನ ಊರಿಗೆ ಮುಟ್ಟಿತ್ತು. ಇವರು ಸ್ಪೀಕರಿಗೆ ಹಾಕಿದರು.

"ಸರ್, ಒಡೆಯುತ್ತೀರಂತೆ."

"ಹೌದು ಶಶಿ. ಬೇರೆ ದಾರಿ ಇಲ್ಲ."

"ಸರ್, ಅದು ನೇರ ನಮ್ಮ ಕಟ್ಟಕ್ಕೆ ಬರ್ತದೆ. ನಮ್ಮ ಕಟ್ಟದ ಪಕ್ಕವೇ ಕುಡಿಯುವ ನೀರಿನ ಬಾವಿ. ಇಡೀ ವಾರ್ಡಿಗೆ ಅದೇ ನೀರು, ಅಂಗನವಾಡಿಗೂ ಅದೇ. ಈಗ ನಮ್ಮಲ್ಲಿ ನೀರು ಚೊಕ್ಕ ಉಂಟು ಸರ್. ನಿಮ್ಮ ಕಟ್ಟ ತಡೆದದ್ದರಿಂದಲೇ ಚೊಕ್ಕ ಉಳಿದದ್ದು."

ಶಶಿಕಿರಣನೇ ಮುಂದುವರಿಸಿದ. "ನೀವೇ ನಮಗೆ ಕಟ್ಟಲಿಕ್ಕೆ ಹೇಳಿದ್ದು ಸರ್. ನಿಮ್ಮ ಮಾತು ಕೇಳಿಯೇ ಕಟ್ಟಿದ್ದು. ದಯಮಾಡಿ ಕಳಿಸಬೇಡಿ."

ನಮ್ಮವರು ಹಾರೆಯನ್ನು ಗೋಡೆಗೆ ಒರಗಿಸಿ ಜಗಲಿಯ ಮೆಟ್ಟಿಲಲ್ಲಿ ಕೂತರು. ನಾನು ಈ ಮನುಷ್ಯನನ್ನು ಎಷ್ಟೋ ವರ್ಷಗಳಿಂದ ಕೆಣಕುತ್ತಾ, ಗದರುತ್ತಾ ಬಂದವಳು. ಅವತ್ತು ಹತ್ತಿರ ಕೂತು ಬೆನ್ನಮೇಲೆ ಕೈ ಇಟ್ಟೆ. ಕಟ್ಟ ಇಟ್ಟುಕೊಳ್ಳುವಂತಿಲ್ಲ, ಒಡೆಯುವಂತಿಲ್ಲ. ಹೊಳೆಗೆ ಒಳ್ಳೆಯದಾಗಲೆಂದು ಹೊರಟವರಿಗೆ ಈಗ ಮಳೆ ಬರಲಿ ಎಂದು ಕಾಯುವುದೊಂದೇ ಕೆಲಸ ಉಳಿಯಿತು. ಮಳೆ ಎಲ್ಲಿ, ಮಾರ್ಚ್ ಎಲ್ಲಿ.

ಮೈಮೂನಮ್ಮನಿಗೆ ನಾನೇ ಹೋಗಿ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. "ಕೆಳಗಿನವರೂ ಮಕ್ಕಳುಮರಿ ಇದ್ದವರಲ್ವಾ ಟೀಚರ್" ಎಂದರು. ಸಿಟ್ಟಿನ ಒಂದು ಮಾತೂ ಬರಲಿಲ್ಲ. ನನಗೆ ಅಳು ಬಂತು, ಅವರೆದುರು ಅಳುವ ಹಕ್ಕು ನನಗಿಲ್ಲವೆಂದು ಬೇಗ ಎದ್ದು ಬಂದೆ.

ಆ ವಾರ ಜಸ್ನಾಳಿಗೆ ಜ್ವರ ಬಂತು. ಡಾಕ್ಟರು, ಈ ಜಾಗದಲ್ಲಿ ಇಡಬೇಡಿ ಎಂದರಂತೆ. ಅಳಿಯ ರಿಝ್ವಾನ್ ಕಾರು ತಂದ, ಜೊತೆಗೆ ಸೈನಬ. ಸೈನಬ ಒಂದು ಕಟುಮಾತು ಆಡಿದ್ದರೂ ಆಗುತ್ತಿತ್ತು. ಅವರು ಮೈಮೂನಮ್ಮನ ಕೈ ಹಿಡಿದುಕೊಂಡು, "ಬೇಜಾರು ಮಾಡ್ಬೇಡಿ, ಅವಳು ನನಗೂ ಮಗಳೇ" ಎಂದರು. ಕರೆದುಕೊಂಡು ಬಂದ ಮಗಳನ್ನು ಹೆರಿಗೆಗೆ ಮೊದಲು ತಿರುಗಿ ಕಳಿಸುವುದು ಆ ಮನೆಯಲ್ಲಿ ಯಾವತ್ತೂ ಆದದ್ದಲ್ಲ. ಮೈಮೂನಮ್ಮ ಕಾರಿನ ಕಿಟಕಿಯಿಂದ ಕೈ ಒಳಗೆ ಹಾಕಿ ಮಗಳ ಶಾಲು ಸರಿಮಾಡಿದರು. ಒಣಗಿಸಿಟ್ಟ ಸೊಪ್ಪಿನ ಕಟ್ಟುಗಳನ್ನು ಡಿಕ್ಕಿಯಲ್ಲಿಟ್ಟರು. ಕಾರು ತಿರುಗಿ ಹೋದ ಮೇಲೂ ಗೇಟು ಹಾಕದೆ ನಿಂತಿದ್ದರು. ನಾನು ನಮ್ಮ ಅಂಗಳದಿಂದ ನೋಡುತ್ತಿದ್ದೆ, ಕೆಳಗೆ ಇಳಿದು ಹೋಗುವ ಧೈರ್ಯ ಆಗಲಿಲ್ಲ.

ಏಪ್ರಿಲ್ ಮೊದಲ ವಾರ ಹೆಣ್ಣುಮಗು. ಮೈಮೂನಮ್ಮ ಆಸ್ಪತ್ರೆಗೆ ಹೋಗಿ ನೋಡಿ ಬಂದರು. ಆಮೇಲೆ ಮಾಣಿಗೆ ಹೋಗಿ ಇದ್ದು ಬನ್ನಿ ಎಂದು ನಾನು ಎಷ್ಟೋ ಹೇಳಿದೆ. ಬೀಗರ ಮನೆಯಲ್ಲಿ ಹೇಗೆ ಕೂರುದು ಟೀಚರ್ ಎಂದರು. ಕೊನೆಗೆ ಒಂದು ದಿನ ಬೆಳಗಿನ ಮೊದಲ ಬಸ್ಸಿಗೆ, ಹೊಸ ಸೀರೆ ಉಟ್ಟು, ಕೈಯಲ್ಲಿ ತಿಂಡಿಯ ಬುಟ್ಟಿ ಹಿಡಿದು ಹೋದರು. ಮಗಳ ಬಾಣಂತನಕ್ಕೆ ನೆಂಟರ ಹಾಗೆ ಹೋದರು.

ಸಂಜೆ ಬಸ್ಸಿಳಿದು ಬರುವಾಗ ಸೀದಾ ನಮ್ಮ ಮನೆಗೆ ಹತ್ತಿ ಬಂದರು. ಜಗಲಿಯಲ್ಲಿ ಕೂತು ನೀರು ಕೇಳಿ ಕುಡಿದರು. ನಮ್ಮವರು ಎದ್ದು ಒಳಗೆ ಹೋಗಲೂ ಆಗದೆ, ಇರಲೂ ಆಗದೆ ಕಂಬದ ಬಳಿ ನಿಂತರು.

"ಮಗು ಹೇಗುಂಟು?" ಎಂದೆ.

"ಚೆಂದ ಉಂಟು. ಅಜ್ಜನ ಮೂಗು. ಜಸ್ನಾ ಸ್ವಲ್ಪ ಮೈ ತುಂಬಿದ್ದಾಳೆ." ಖಾಲಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. "ಅಲ್ಲಿ ಬಚ್ಚಲಿನಲ್ಲಿ ಗೀಸರ್ ಉಂಟು ಟೀಚರ್. ಮೀಯಿಸ್ಲಿಕ್ಕೆ ಒಂದು ಹೆಂಗಸು ಬರ್ತಾಳೆ, ದಿನಾ. ಒಳ್ಳೆ ಕೆಲಸದವಳು. ನಾನು ಹೋಗುವಾಗ ಮೀಯಿಸ್ತಾ ಇದ್ಲು."

"ಹೂಂ" ಎಂದೆ.

"ಸೈನಬ ನನ್ನನ್ನು ಒಳಗೆ ಕರೆದ್ರು. ತಾಯಿ ಅಲ್ವಾ, ಬನ್ನಿ, ಅಂತ. ಆ ಹೆಂಗಸಿನ ಕೈಯಿಂದ ಚೆಂಬು ತೆಗೆದು ನನ್ನ ಕೈಗೆ ಕೊಟ್ರು. ಒಂದು ಚೆಂಬು ಹೊಯ್ದೆ ಟೀಚರ್. ಶಾಸ್ತ್ರಕ್ಕೆ. ಆಮೇಲೆ ಆ ಹೆಂಗಸು ಚೆಂಬು ವಾಪಸ್ ತಗೊಂಡ್ಲು, ನೀರು ಆರ್ತದೆ ಅಂತ."

ನಮ್ಮವರು ಕಂಬ ಹಿಡಿದುಕೊಂಡು ಅಂಗಳದ ಕಡೆ ನೋಡುತ್ತಿದ್ದರು. ಮೈಮೂನಮ್ಮ ತಮ್ಮ ಬಲಗೈಯನ್ನು ಮಡಿಲಲ್ಲಿ ಬಿಡಿಸಿ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತಿದ್ದರು.